ಬಾಗಿಲು ತೆರೆಯಿತು, ಪುಸ್ತಕ ತೆರೆಯಿತೆ?



ಕಾಯಿದೆ ಎಂಬ ಮಾತು ಕಿವಿಗೆ ಬಿದ್ದ ಕೂಡಲೆ ನಮಗೆ ನೆನಪಾಗುವುದು ಕೋರ್ಟು, ಕಚೇರಿ, ಕರಿಕೋಟು ತೊಟ್ಟ ವಕೀಲರು. ಕಾಲೇಜಿನ ಗ್ರಂಥಾಲಯವಾಗಲಿ, ಪರೀಕ್ಷೆಯ ಮುನ್ನಾದಿನ ಕೈಯಿಂದ ಕೈಗೆ ಸಾಗುವ ನೋಟ್ಸ್ ಆಗಲಿ ನೆನಪಾಗುವುದಿಲ್ಲ. ಆದರೆ ಈ ದಿನ ನಾನು ನಿಮ್ಮೊಡನೆ ವಿಚಾರ ಮಾಡಬೇಕೆಂದಿರುವ ಕಾಯಿದೆ ಗ್ರಂಥಾಲಯದ ಮೆಟ್ಟಿಲಿನವರೆಗೆ, ನಿಮ್ಮ ನೋಟ್ಸಿನ ಒಂದೊಂದು ಅಕ್ಷರದವರೆಗೆ ಬಂದು ನಿಂತಿರುವ ಕಾಯಿದೆ. ಅದರ ಹೆಸರು ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016.

ಈ ಮಾತನ್ನು ಆಡುವಾಗ ನನ್ನ ಮನಸ್ಸಿನಲ್ಲಿರುವವರು ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲೂಕುಗಳ ವಿದ್ಯಾರ್ಥಿಗಳು. ಈ ತಾಲೂಕುಗಳೇ ಏಕೆ ಎಂದು ನೀವು ಕೇಳಬಹುದು. ಕಾಯಿದೆ ದೆಹಲಿಯಲ್ಲಿ ಆಗುತ್ತದೆ. ಪದವಿ ಪಠ್ಯಕ್ರಮ 2010ರಲ್ಲಿ ಬೆಳಗಾವಿಯಲ್ಲಿ ಆರಂಭವಾದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದಿಂದ ಬರುತ್ತದೆ. ಆದರೆ ಆ ಕಾಯಿದೆಗೆ ಜೀವ ಇದೆಯೋ ಇಲ್ಲವೋ ಎಂಬುದು ಗೊತ್ತಾಗುವುದು ಇಂಥ ತಾಲೂಕಿನ ಕಾಲೇಜುಗಳಲ್ಲಿ. ಸುತ್ತಲಿನ ಹಳ್ಳಿಗಳಿಂದ ಬೆಳಗಿನ ಬಸ್ಸು ಹಿಡಿದು ಬರುವ, ಹೆಚ್ಚಾಗಿ ಕನ್ನಡ ಮಾಧ್ಯಮದಲ್ಲಿ ಓದುವ ಮಕ್ಕಳ ಕಾಲೇಜುಗಳು ಇವು. ಇಲ್ಲಿ ಕಣ್ಣು ಕಾಣದ ಒಬ್ಬ ವಿದ್ಯಾರ್ಥಿನಿಗೆ ಪ್ರವೇಶ ದೊರೆತರೆ ಬಾಗಿಲು ತೆರೆದಂತಾಯಿತು, ನಿಜ. ಪುಸ್ತಕ ತೆರೆಯಿತೆ? ಇದೇ ಇಂದಿನ ಪ್ರಶ್ನೆ.

ಮೊದಲು ಈ ಕಾಯಿದೆ ಬಂದ ದಾರಿಯನ್ನು ಸ್ವಲ್ಪ ನೋಡೋಣ.

2011ರ ಜನಗಣತಿಯ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 2 ಕೋಟಿ 68 ಲಕ್ಷ ಮಂದಿ ವಿಕಲಚೇತನರಿದ್ದರು. ಕರ್ನಾಟಕದಲ್ಲಿ ಇದ್ದವರು 13 ಲಕ್ಷಕ್ಕೂ ಹೆಚ್ಚು. ಇಷ್ಟು ಜನರ ವಿಷಯದಲ್ಲಿ ಬಹುಕಾಲ ಸಮಾಜ ತಳೆದಿದ್ದ ಭಾವನೆ ಕರುಣೆ. ಕರುಣೆ ಕೆಟ್ಟದ್ದಲ್ಲ, ಆದರೆ ಅದು ಕೊಡುವವರ ಮನಸ್ಸಿನ ಮೇಲೆ ನಿಂತಿದೆ. ಇಂದು ಇದ್ದು ನಾಳೆ ಇಲ್ಲವಾಗಬಹುದು. ಹಕ್ಕು ಹಾಗಲ್ಲ. 1995ರಲ್ಲಿ ಸಂಸತ್ತು ಅಂಗವಿಕಲರಿಗೆ ಸಮಾನ ಅವಕಾಶ ಕೊಡುವ ಮೊದಲ ಸಮಗ್ರ ಕಾಯಿದೆಯನ್ನು ಮಾಡಿತು. ಅದು 1996ರ ಫೆಬ್ರವರಿಯಲ್ಲಿ ಜಾರಿಗೆ ಬಂದಿತು. ಅದರಲ್ಲಿ ಏಳು ಬಗೆಯ ಅಂಗವೈಕಲ್ಯಗಳನ್ನು ಹೇಳಿತ್ತು. ಸರ್ಕಾರಿ ಹಾಗೂ ಅನುದಾನಿತ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡಾ 3 ಸ್ಥಾನಗಳನ್ನು ಕಾದಿರಿಸಿತ್ತು. 2006ರಲ್ಲಿ ವಿಶ್ವಸಂಸ್ಥೆ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ಅಂಗೀಕರಿಸಿತು. ಮರುವರ್ಷವೇ, ಅಂದರೆ 2007ರಲ್ಲಿ, ಭಾರತ ಅದನ್ನು ಒಪ್ಪಿಕೊಂಡಿತು. ಒಪ್ಪಿದ ಮಾತಿಗೆ ತಕ್ಕಂತೆ ನಮ್ಮ ಕಾಯಿದೆಯನ್ನೂ ಬದಲಿಸಬೇಕಾಯಿತು. ಹೀಗೆ ಹುಟ್ಟಿದ್ದೇ 2016ರ ಅಧಿನಿಯಮ. ಇದು 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ.

ಹೊಸ ಕಾಯಿದೆಯಲ್ಲಿ ಅಂಗವೈಕಲ್ಯದ ಬಗೆಗಳು ಏಳರಿಂದ 21ಕ್ಕೆ ಏರಿದವು. ಓದಿನಲ್ಲಿ ಅಕ್ಷರಗಳು ತಿರುವುಮುರುವಾಗಿ ತೊಡಕು ಕೊಡುವ ಕಲಿಕಾ ನ್ಯೂನತೆಯೂ ಈಗ ಈ ಪಟ್ಟಿಯಲ್ಲಿದೆ. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕಾದಿರಿಸುವ ಸ್ಥಾನಗಳು ಶೇಕಡಾ 5ಕ್ಕಿಂತ ಕಡಿಮೆ ಇರಬಾರದು. ಪ್ರವೇಶದ ವಯೋಮಿತಿಯಲ್ಲಿ ಐದು ವರ್ಷದ ಸಡಿಲಿಕೆ ಇದೆ. ಈ ಮೀಸಲಾತಿ ದೊರೆಯಬೇಕಾದರೆ ವೈಕಲ್ಯದ ಪ್ರಮಾಣ ಕನಿಷ್ಠ ಶೇಕಡಾ 40 ಎಂದು ಪ್ರಮಾಣಪತ್ರ ಇರಬೇಕು.

ಇಲ್ಲಿ ಒಂದು ಸಂದೇಹ ಬರುವುದು ಸಹಜ. ನಮ್ಮ ಭಾಗದ ಎಷ್ಟೋ ಕಾಲೇಜುಗಳನ್ನು ಖಾಸಗಿ ಶಿಕ್ಷಣ ಸಂಘಗಳು ನಡೆಸುತ್ತವೆ. ಕಾಯಿದೆ ಅವುಗಳಿಗೆ ಅನ್ವಯಿಸುತ್ತದೆಯೆ? ಮೀಸಲಾತಿಯ ನಿಯಮ ಸರ್ಕಾರಿ ಮತ್ತು ಅನುದಾನಿತ ಸಂಸ್ಥೆಗಳಿಗೆ ಮಾತ್ರ. ಆದರೆ ಕಾಯಿದೆಯ 16ನೆಯ ಕಲಮು ಸರ್ಕಾರ ಹಣ ಕೊಟ್ಟ ಅಥವಾ ಮಾನ್ಯತೆ ಕೊಟ್ಟ ಎಲ್ಲ ಶಿಕ್ಷಣ ಸಂಸ್ಥೆಗಳನ್ನೂ ಹೆಸರಿಸುತ್ತದೆ. ಭೇದಭಾವವಿಲ್ಲದೆ ಪ್ರವೇಶ ಕೊಡುವುದು, ಕಟ್ಟಡವನ್ನೂ ಆವರಣವನ್ನೂ ಎಲ್ಲರೂ ಬಳಸುವಂತೆ ಮಾಡುವುದು, ಕುರುಡರಿಗೂ ಕಿವುಡರಿಗೂ ಅವರಿಗೆ ಒಗ್ಗುವ ಭಾಷೆ ಮತ್ತು ರೀತಿಯಲ್ಲಿ ಪಾಠ ದೊರೆಯುವಂತೆ ನೋಡಿಕೊಳ್ಳುವುದು, ಆಯಾ ವಿದ್ಯಾರ್ಥಿಯ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡಿಕೊಡುವುದು, ಇವೆಲ್ಲ ಮಾನ್ಯತೆ ಪಡೆದ ಖಾಸಗಿ ಕಾಲೇಜಿನಿಂದಲೂ ಆಗಬೇಕಾದ ಕೆಲಸಗಳು.

ಈ 'ಹೊಂದಾಣಿಕೆ' ಎಂಬ ಪದವನ್ನು ದಯವಿಟ್ಟು ನೆನಪಿನಲ್ಲಿಡಿ. ಕಾಯಿದೆಯ ತಿರುಳೇ ಇದು. ಕಾಲೇಜು ತನ್ನ ಶಕ್ತಿಯನ್ನು ಮೀರಿ ಹೊರೆ ಹೊರಬೇಕೆಂದು ಕಾಯಿದೆ ಹೇಳುವುದಿಲ್ಲ. ಅನುಚಿತವಾದ ಹೊರೆ ಆಗದಂತೆ, ಆದರೆ ಆ ವಿದ್ಯಾರ್ಥಿ ಉಳಿದವರಿಗೆ ಸಮನಾಗಿ ಕಲಿಯುವುದಕ್ಕೆ ಬೇಕಾದಷ್ಟು ಬದಲಾವಣೆ ಮಾಡಬೇಕೆಂದು ಹೇಳುತ್ತದೆ. ಗಾಲಿಕುರ್ಚಿಯ ವಿದ್ಯಾರ್ಥಿ ಇರುವ ತರಗತಿಯನ್ನು ಮೂರನೆಯ ಮಹಡಿಯಿಂದ ನೆಲಮಹಡಿಗೆ ಇಳಿಸಿದರೆ ಕಾಲೇಜಿಗೆ ಒಂದು ರೂಪಾಯಿಯ ಖರ್ಚೂ ಇಲ್ಲ. ವೇಳಾಪಟ್ಟಿಯಲ್ಲಿ ಒಂದು ಗೆರೆ ಬದಲಾಯಿಸಿದರೆ ಸಾಕು. ಇದೇ ಹೊಂದಾಣಿಕೆ.

ಕಟ್ಟಡದ ಮಾತನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಅದು ಎಲ್ಲರ ಕಣ್ಣಿಗೂ ಕಾಣುವ ವಿಷಯ. ಇಳಿಜಾರು ದಾರಿ, ಅಂದರೆ ರ್‍ಯಾಂಪ್, ಇದ್ದರೆ ಸಾಲದು. ಅದರ ಲೆಕ್ಕ ಸರಿ ಇರಬೇಕು. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಎಂಬುದು ಒಪ್ಪಿತವಾದ ಅಳತೆ. ನಿಮ್ಮ ಕಾಲೇಜಿನ ಜಗಲಿ ಎರಡು ಅಡಿ ಎತ್ತರವಿದ್ದರೆ ಇಳಿಜಾರು ಇಪ್ಪತ್ತನಾಲ್ಕು ಅಡಿ ಉದ್ದ ಇರಬೇಕು. ಎಂಟು ಅಡಿಯಲ್ಲಿ ಮುಗಿಸಿದರೆ ಅದು ಗಾಲಿಕುರ್ಚಿ ಹತ್ತುವ ದಾರಿಯಾಗದು, ಉರುಳುವ ದಾರಿಯಾದೀತು. ಹೊಸ ಕಟ್ಟಡದ ನಕ್ಷೆ ಈ ನಿಯಮಗಳಿಗೆ ಹೊಂದದಿದ್ದರೆ ಕಟ್ಟಲು ಅನುಮತಿಯನ್ನೇ ಕೊಡಬಾರದೆಂದು ಕಾಯಿದೆ ಹೇಳುತ್ತದೆ. ಹಳೆಯ ಸಾರ್ವಜನಿಕ ಕಟ್ಟಡಗಳನ್ನು ಸರಿಪಡಿಸಲು ಐದು ವರ್ಷದ ಗಡುವಿತ್ತು. ನಿಯಮಗಳು ಬಂದದ್ದು 2017ರಲ್ಲಿ. ಗಡುವು 2022ಕ್ಕೇ ತೀರಿತು. 2024ರ ನವೆಂಬರ್ 8ರಂದು ರಾಜೀವ್ ರತೂರಿ ಅವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಒಂದು ಮುಖ್ಯ ಮಾತನ್ನು ಹೇಳಿತು: ಸೌಲಭ್ಯದ ಮಾನದಂಡಗಳು ಬರಿಯ ಸಲಹೆಗಳಾಗಿ ಉಳಿಯಕೂಡದು, ತಪ್ಪದೆ ಪಾಲಿಸಬೇಕಾದ ನಿಯಮಗಳು ಇರಲೇಬೇಕು.

ಪರೀಕ್ಷೆಯ ವಿಷಯಕ್ಕೆ ಬರೋಣ. ಕೈಯಿಂದ ಬರೆಯಲಾರದ ವಿದ್ಯಾರ್ಥಿಗೆ ಲಿಪಿಕಾರರ ನೆರವು, ಹೆಚ್ಚಿನ ಸಮಯ ಇವು ಕಾಯಿದೆಯಲ್ಲೇ ಇರುವ ಮಾತುಗಳು. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿ ಪ್ರತಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು ಕೊಡಬೇಕೆಂದಿತು. ಅಂದರೆ ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ. ಶೇಕಡಾ 40ರ ಪ್ರಮಾಣಪತ್ರ ಇಲ್ಲದವರ ಗತಿ ಏನು? ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ವಿಕಾಸ್ ಕುಮಾರ್ ಎಂಬ ಅಭ್ಯರ್ಥಿ ಈ ಪ್ರಶ್ನೆಯನ್ನು ಸರ್ವೋಚ್ಚ ನ್ಯಾಯಾಲಯಕ್ಕೆ ಒಯ್ದರು. ಲಿಪಿಕಾರರ ನೆರವನ್ನು ಶೇಕಡಾ 40 ದಾಟಿದವರಿಗಷ್ಟೇ ಸೀಮಿತಗೊಳಿಸುವುದು ಸರಿಯಲ್ಲವೆಂದು 2021ರ ಫೆಬ್ರವರಿಯಲ್ಲಿ ನ್ಯಾಯಾಲಯ ತೀರ್ಪಿತ್ತಿತು. ನಿಜವಾದ ಅಗತ್ಯವೇ ಇಲ್ಲಿ ಮುಖ್ಯವಾಯಿತು.

ಆದರೆ ಮಿತ್ರರೇ, ಪರೀಕ್ಷೆ ವರ್ಷದಲ್ಲಿ ಕೆಲವೇ ದಿನ. ಓದು ದಿನವೂ ಇರುವಂಥದು. ಓದದೆ ಹೋದ ವಿದ್ಯಾರ್ಥಿಗೆ ಹೆಚ್ಚುವರಿ ಒಂದು ಗಂಟೆ ಕೊಟ್ಟರೆ ಆತ ಬರೆಯುವುದಾದರೂ ಏನನ್ನು? ಆದ್ದರಿಂದ ಇನ್ನು ಪುಸ್ತಕದ ಮಾತು.

ಗೋಕಾಕಿನ ಒಂದು ಕಾಲೇಜಿನಲ್ಲಿ ಬಿ.ಎ. ಓದಲು ಸೇರಿದ, ಕಣ್ಣು ಕಾಣದ ಒಬ್ಬ ವಿದ್ಯಾರ್ಥಿನಿಯನ್ನು ಕಲ್ಪಿಸಿಕೊಳ್ಳಿ. ಇತಿಹಾಸ, ಭೂಗೋಳ, ಐಚ್ಛಿಕ ಕನ್ನಡ ಆಕೆಯ ವಿಷಯಗಳು. ಆಕೆಯ ಕೈಯಲ್ಲೂ ನಿಮ್ಮ ಕೈಯಲ್ಲಿರುವಂಥದೇ ಮೊಬೈಲ್ ಇದೆ. ತೆರೆಯ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವ ವ್ಯವಸ್ಥೆ ಅದರೊಳಗೇ ಇದೆ; ಅದು ಕನ್ನಡವನ್ನೂ ಓದುತ್ತದೆ. ಗಣಕದಲ್ಲಿ ಇದೇ ಕೆಲಸ ಮಾಡುವ ಎನ್‌ವಿಡಿಎ ಎಂಬ ತಂತ್ರಾಂಶವನ್ನು 2006ರಲ್ಲಿ ಆಸ್ಟ್ರೇಲಿಯಾದ ಮೈಕೇಲ್ ಕರನ್ ಆರಂಭಿಸಿದರು. ಜೇಮ್ಸ್ ಟೆ ಅವರ ಜೊತೆಗೂಡಿದರು. ಇಬ್ಬರೂ ಕಣ್ಣು ಕಾಣದವರು. ಆ ತಂತ್ರಾಂಶಕ್ಕೆ ಇಂದಿಗೂ ಬೆಲೆ ಇಲ್ಲ, ಉಚಿತ. ಕರ್ನಾಟಕ ಸರ್ಕಾರಕ್ಕೆ ದೃಷ್ಟಿದೋಷವುಳ್ಳ ವಿದ್ಯಾರ್ಥಿಗಳಿಗೆ ಮಾತನಾಡುವ ಲ್ಯಾಪ್‌ಟಾಪ್ ಕೊಡುವ ಯೋಜನೆಯೂ ಇದೆ. ಹಾಗಾದರೆ ತೊಂದರೆ ಎಲ್ಲಿದೆ?

ತೊಂದರೆ ನಾವು ಕಳಿಸುವ ಪುಟಗಳಲ್ಲಿದೆ.

ಮೊದಲನೆಯ ತೊಂದರೆ, ಛಾಯಾಚಿತ್ರ. ತರಗತಿಯ ವಾಟ್ಸಾಪ್ ಗುಂಪಿಗೆ ಯಾರೋ ಒಬ್ಬರು ನೋಟ್ಸಿನ ಮೂವತ್ತು ಪುಟಗಳ ಫೋಟೋ ತೆಗೆದು ಹಾಕುತ್ತಾರೆ. ನಮ್ಮ ಕಣ್ಣಿಗೆ ಅದು ಬರಹ. ಗಣಕಕ್ಕೆ ಅದು ಕಪ್ಪು ಬಿಳಿ ಚುಕ್ಕೆಗಳ ಒಂದು ಚಿತ್ರ, ಅಷ್ಟೆ. ಓದುವ ತಂತ್ರಾಂಶ ಅದರ ಮುಂದೆ ನಿಂತು 'ಚಿತ್ರ' ಎಂದು ಹೇಳಿ ಸುಮ್ಮನಾಗುತ್ತದೆ. ಮೂವತ್ತು ಪುಟಕ್ಕೆ ಮೂವತ್ತು ಸಲ. ಚಿತ್ರದಿಂದ ಅಕ್ಷರವನ್ನು ಗುರುತಿಸುವ ತಂತ್ರಾಂಶಗಳು ಈಗ ಕನ್ನಡಕ್ಕೂ ಬಂದಿವೆ. ಅಚ್ಚಾದ ಪುಟವನ್ನು ಅವು ತಕ್ಕಮಟ್ಟಿಗೆ ಓದುತ್ತವೆ, ಒತ್ತಕ್ಷರಗಳಲ್ಲಿ ತಪ್ಪುತ್ತವೆ. ವಾರೆಯಾಗಿ ತೆಗೆದ, ನೆರಳು ಬಿದ್ದ, ಕೈಬರಹದ ಪುಟದ ಮುಂದೆ ಅವೂ ಸೋಲುತ್ತವೆ.

ಎರಡನೆಯ ತೊಂದರೆ ಕನ್ನಡಕ್ಕೇ ಸೇರಿದ್ದು. ಇದನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಒಳ್ಳೆಯದು. ಗಣಕಗಳಿಗೆ ಕನ್ನಡ ಬರದಿದ್ದ ಕಾಲದಲ್ಲಿ ನಮ್ಮವರು ಒಂದು ಉಪಾಯ ಮಾಡಿದರು. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ಅಕ್ಷರಗಳ ಆಕಾರಗಳನ್ನು ಕೂರಿಸಿದರು. 'ನುಡಿ', 'ಬರಹ' ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಗಳು ಈ ಬಗೆಯವು. ಆ ದಿನಗಳಲ್ಲಿ ಕನ್ನಡವನ್ನು ಗಣಕಕ್ಕೆ ತಂದ ಉಪಕಾರ ಅವುಗಳದು, ಅದನ್ನು ಮರೆಯುವಂತಿಲ್ಲ. ಆದರೆ ಆ ಅಕ್ಷರಗಳಲ್ಲಿ 'ಕನ್ನಡ' ಎಂದು ಬೆರಳಚ್ಚು ಮಾಡಿದಾಗ ಮೊದಲ 'ಕ' ಅಕ್ಷರ ಗಣಕದ ಒಳಗೆ ಉಳಿಯುವುದು ಇಂಗ್ಲಿಷಿನ 'ಪಿ' ಅಕ್ಷರವಾಗಿ. ಅದರ ತಲೆಕಟ್ಟು ತಲೆಯ ಮೇಲೊಂದು ಗೆರೆ ಹೊತ್ತ ಇಂಗ್ಲಿಷಿನ 'ಎ' ಅಕ್ಷರವಾಗಿ. ನಮ್ಮ ಕಣ್ಣಿಗೆ ಮೇಲಿನ ವೇಷ ಕಾಣುತ್ತದೆ, ಕನ್ನಡ ಎಂದು ಓದುತ್ತೇವೆ. ಓದುವ ತಂತ್ರಾಂಶಕ್ಕೆ ವೇಷ ಕಾಣುವುದಿಲ್ಲ, ಒಳಗಿರುವುದನ್ನೇ ಓದುತ್ತದೆ. ಕುಮಾರವ್ಯಾಸನ ಬಗೆಗಿನ ಪಾಠವನ್ನು ಕೇಳಲು ಕುಳಿತ ವಿದ್ಯಾರ್ಥಿನಿಯ ಕಿವಿಗೆ ಬೀಳುವುದು 'ಪಿ, ಎ' ಎಂಬ ಅರ್ಥವಿಲ್ಲದ ಸದ್ದುಗಳು.

ಇದಕ್ಕೆ ಪರಿಹಾರ ಯೂನಿಕೋಡ್. ಜಗತ್ತಿನ ಎಲ್ಲ ಲಿಪಿಗಳಿಗೂ ಅವುಗಳದೇ ಆದ ಸಂಖ್ಯೆ ಕೊಡುವ ಈ ವ್ಯವಸ್ಥೆಯ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನ ದೊರೆತಿದೆ. ಅದರಲ್ಲಿ 'ಕ' ಎಂದರೆ 'ಕ'ವೇ. ನುಡಿ, ಬರಹ ತಂತ್ರಾಂಶಗಳ ಹೊಸ ಆವೃತ್ತಿಗಳಲ್ಲಿ ಯೂನಿಕೋಡಿನಲ್ಲೇ ಬರೆಯಬಹುದು. ಹಳೆಯ ಕಡತಗಳನ್ನು ಯೂನಿಕೋಡಿಗೆ ಬದಲಾಯಿಸುವ ಪರಿವರ್ತಕಗಳೂ ಇವೆ. ಆದರೂ ಅಭ್ಯಾಸಬಲ ದೊಡ್ಡದು. ಜೆರಾಕ್ಸ್ ಅಂಗಡಿಯಲ್ಲಿ, ಡಿಟಿಪಿ ಅಂಗಡಿಯಲ್ಲಿ, ಕೆಲವು ಅಧ್ಯಾಪಕರ ಗಣಕದಲ್ಲಿ ಹಳೆಯ ಅಕ್ಷರವೇ ಉಳಿದುಕೊಂಡಿದೆ.

ನಿಮ್ಮ ಕಾಲೇಜಿನ ನೋಟ್ಸ್ ಯಾವ ಬಗೆಯದೆಂದು ನೀವೇ ಒಂದು ನಿಮಿಷದಲ್ಲಿ ಪರೀಕ್ಷಿಸಬಹುದು. ಕಡತದಲ್ಲಿ ಒಂದು ಸಾಲನ್ನು ಬೆರಳಿನಿಂದ ಒತ್ತಿ ಆಯ್ದುಕೊಳ್ಳಲು ಪ್ರಯತ್ನಿಸಿ. ಆಯ್ಕೆಯೇ ಆಗದಿದ್ದರೆ ಅದು ಚಿತ್ರ. ಆಯ್ಕೆಯಾದರೆ ಅದನ್ನು ನಕಲು ಮಾಡಿ ಗೆಳೆಯನಿಗೆ ಕಳಿಸುವ ಸಂದೇಶದಲ್ಲಿ ಅಂಟಿಸಿ. ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬಂದರೆ ಅದು ಹಳೆಯ ಅಕ್ಷರ. ಕನ್ನಡವಾಗಿಯೇ ಬಂದರೆ ಸರಿಯಾಗಿದೆ. ಕಣ್ಣಿಲ್ಲದವರೂ ಅದನ್ನು ಓದಬಲ್ಲರು.

ಇಲ್ಲಿ ಒಂದು ಅನ್ಯಾಯವನ್ನು ಗಮನಿಸಿ. ಇಂಗ್ಲಿಷ್ ಮಾಧ್ಯಮದ ಅಂಧ ವಿದ್ಯಾರ್ಥಿಗೆ ಈ ವೇಷದ ತೊಡಕು ಇಲ್ಲ. ಅವರ ಅಕ್ಷರ ಮೊದಲಿನಿಂದಲೂ ಗಣಕದ ಅಕ್ಷರ. ಕನ್ನಡದಲ್ಲಿ ಓದುವ ಹಳ್ಳಿಯ ಮಗುವಿಗೆ ಮಾತ್ರ ಎರಡು ಗೋಡೆ: ಒಂದು ಕಣ್ಣಿನದು, ಇನ್ನೊಂದು ನಾವು ಕಟ್ಟಿದ ಅಕ್ಷರದ್ದು. ಮೊದಲನೆಯದನ್ನು ವೈದ್ಯರೂ ಒಡೆಯಲಾರರೇನೋ. ಎರಡನೆಯದನ್ನು ಹುಕ್ಕೇರಿಯ ಒಬ್ಬ ಬೆರಳಚ್ಚುಗಾರ ಒಡೆಯಬಲ್ಲ.

ಮೂರನೆಯ ತೊಂದರೆ ಚಿತ್ರ ಮತ್ತು ನಕ್ಷೆಗಳದು. ಭೂಗೋಳದ ನೋಟ್ಸಿನಲ್ಲಿ ಒಂದು ಚಿತ್ರವಿದ್ದು, ಕೆಳಗೆ 'ಗೋಕಾಕ ಜಲಪಾತ' ಎಂದಷ್ಟೇ ಬರೆದಿದ್ದರೆ ಕಾಣದವರಿಗೆ ಏನೂ ದಕ್ಕುವುದಿಲ್ಲ. 'ಘಟಪ್ರಭಾ ನದಿ ಕುದುರೆ ಲಾಳದ ಆಕಾರದ ಬಂಡೆಯಂಚಿನಿಂದ ಸುಮಾರು 52 ಮೀಟರ್ ಕೆಳಗೆ ಧುಮುಕುತ್ತಿದೆ; ಮೇಲ್ಭಾಗದಲ್ಲಿ ನದಿಗೆ ಅಡ್ಡವಾಗಿ ತೂಗುಸೇತುವೆ ಇದೆ' ಎಂದು ಎರಡು ಸಾಲು ಬರೆದರೆ ಚಿತ್ರಕ್ಕೆ ಮಾತು ಬರುತ್ತದೆ. ಈ ಎರಡು ಸಾಲು ಕಾಣುವ ವಿದ್ಯಾರ್ಥಿಗೂ ಪರೀಕ್ಷೆಯಲ್ಲಿ ಉಪಯೋಗಕ್ಕೆ ಬರುವುದಿಲ್ಲವೆ?

ನಕ್ಷೆಯನ್ನು ಬೆರಳಿಗೂ ಕಾಣಿಸಬಹುದು. ಒಂದು ದಪ್ಪ ರಟ್ಟು, ಅಂಟು, ದಾರ ಇದ್ದರೆ ಸಾಕು. ಘಟಪ್ರಭೆಗೆ ದಪ್ಪ ದಾರ ಅಂಟಿಸಿ. ಹುಕ್ಕೇರಿ ತಾಲೂಕಿನ ಹಿಡಕಲ್ ಅಣೆಕಟ್ಟಿಗೆ ಒಂದು ಗುಂಡಿ, ಅದರ ಕೆಳಗೆ ಧೂಪದಾಳಕ್ಕೆ ಒಂದು ಹುಣಸೆಬೀಜ, ಅದಕ್ಕೂ ಕೆಳಗೆ ಜಲಪಾತಕ್ಕೆ ಒಂದು ಮಡಿಕೆ ಇಡಿ. ಧೂಪದಾಳದಿಂದ ಹೊರಡುವ ಎಡದಂಡೆ ಕಾಲುವೆಗೆ ತೆಳು ದಾರ ಹಾಕಿ. ಬೆರಳು ಮೇಲಿನಿಂದ ಕೆಳಗೆ ಹರಿದರೆ ನದಿಯೇ ಹರಿದಂತೆ. ಇಂಥ ನಕ್ಷೆಗೆ ಹತ್ತಿಪ್ಪತ್ತು ರೂಪಾಯಿ ಖರ್ಚಾದರೆ ಹೆಚ್ಚು.

ಬ್ರೈಲ್ ಲಿಪಿಯ ಮಾತನ್ನೂ ಹೇಳಬೇಕು. ಆರು ಉಬ್ಬು ಚುಕ್ಕೆಗಳ ಈ ಲಿಪಿಯನ್ನು ರೂಪಿಸಿದ ಫ್ರಾನ್ಸಿನ ಲೂಯಿ ಬ್ರೈಲ್ ಹುಟ್ಟಿದ್ದು 1809ರಲ್ಲಿ. ನಮ್ಮ ದೇಶದ ಭಾಷೆಗಳಿಗೆಲ್ಲ ಒಂದೇ ಸೂತ್ರದ ಭಾರತೀ ಬ್ರೈಲ್ ನೆಲೆಗೊಂಡದ್ದು 1951ರಲ್ಲಿ. ಇದರಲ್ಲಿ ಅಕ್ಷರದ ಆಕಾರ ಲೆಕ್ಕಕ್ಕಿಲ್ಲ, ಧ್ವನಿ ಮುಖ್ಯ. ಕನ್ನಡದ 'ಕ'ಗೂ ಮರಾಠಿಯ 'ಕ'ಗೂ ಒಂದೇ ಗುರುತು: ಒಂದನೆಯ ಮತ್ತು ಮೂರನೆಯ ಚುಕ್ಕೆ. ಕನ್ನಡ, ಮರಾಠಿ ಎರಡೂ ಕಿವಿಗೆ ಬೀಳುವ ನಮ್ಮ ಗಡಿಭಾಗದಲ್ಲಿ, ಒಮ್ಮೆ ಬ್ರೈಲ್ ಕಲಿತ ಬೆರಳು ಎರಡು ಭಾಷೆಯ ಪುಸ್ತಕವನ್ನೂ ಮುಟ್ಟಬಲ್ಲದು. ಮೈಸೂರಿನಲ್ಲಿ ಸರ್ಕಾರಿ ಬ್ರೈಲ್ ಮುದ್ರಣಾಲಯವಿದ್ದು ಶಾಲಾ ಪಠ್ಯಗಳು ಅಲ್ಲಿ ಅಚ್ಚಾಗುತ್ತವೆ. ಬೆಳಗಾವಿಯಲ್ಲಿ ಮಾಹೇಶ್ವರಿ ಅಂಧ ಮಕ್ಕಳ ಶಾಲೆ ಇದೆ. ಆದರೆ ಒಂದು ಸಾಮಾನ್ಯ ಪುಸ್ತಕ ಬ್ರೈಲಿನಲ್ಲಿ ಹಲವು ದಪ್ಪ ಸಂಪುಟಗಳಾಗುತ್ತದೆ. ಪದವಿ ತರಗತಿಯ ಪಠ್ಯ ಸೆಮಿಸ್ಟರಿಗೊಮ್ಮೆ ಬದಲಾಗುತ್ತದೆ. ಆದ್ದರಿಂದ ಕಾಲೇಜಿನಲ್ಲಿ ಯೂನಿಕೋಡ್ ಕಡತವೇ ಮೂಲವಾಗಬೇಕು. ಅದೊಂದು ಸರಿಯಿದ್ದರೆ ಅದರಿಂದಲೇ ಧ್ವನಿ, ಅದರಿಂದಲೇ ದೊಡ್ಡ ಅಕ್ಷರ, ಅದರಿಂದಲೇ ಬ್ರೈಲ್ ತೆಗೆಯಬಹುದು.

ಕಿವಿ ಕೇಳದ ವಿದ್ಯಾರ್ಥಿಯ ಸ್ಥಿತಿ ಬೇರೆ. ಆತನಿಗೆ ಅಚ್ಚಿನ ಪುಸ್ತಕ ಕಾಣುತ್ತದೆ, ಉಪನ್ಯಾಸ ಕೇಳುವುದಿಲ್ಲ. ವಿಡಿಯೋ ಪಾಠಕ್ಕೆ ಕೆಳಗೆ ಅಕ್ಷರದ ಸಾಲು ಬೇಕು. ಅಧ್ಯಾಪಕರು ಬೋರ್ಡಿನ ಕಡೆ ತಿರುಗಿ ಮಾತನಾಡಿದರೆ ತುಟಿಯ ಚಲನೆಯೂ ತಪ್ಪುತ್ತದೆ. ಮುಖ ತರಗತಿಯ ಕಡೆಗಿರಬೇಕು. ಭಾರತೀಯ ಸಂಜ್ಞಾ ಭಾಷೆಗೆಂದು ಕೇಂದ್ರ ಸರ್ಕಾರ 2015ರಲ್ಲಿ ದೆಹಲಿಯಲ್ಲಿ ಒಂದು ಸಂಶೋಧನಾ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿತು. 3,000 ಪದಗಳ ಮೊದಲ ಸಂಜ್ಞಾ ನಿಘಂಟು 2018ರಲ್ಲಿ ಹೊರಬಂತು. ಕಲಿಕಾ ನ್ಯೂನತೆಯುಳ್ಳವರಿಗೆ ಚಿಕ್ಕ ವಾಕ್ಯ, ಸಾಲುಗಳ ನಡುವೆ ಬಿಡುವು, ಕಿವಿಯಿಂದ ಕೇಳುವ ಅವಕಾಶ ನೆರವಾಗುತ್ತವೆ.

ಕಾಯಿದೆ ಕಲಿಕಾ ಸಾಮಗ್ರಿಯ ಬಗ್ಗೆ ಏನು ಹೇಳುತ್ತದೆ? ಶೇಕಡಾ 40 ಅಥವಾ ಹೆಚ್ಚಿನ ವೈಕಲ್ಯವುಳ್ಳ ವಿದ್ಯಾರ್ಥಿಗೆ 18 ವರ್ಷ ತುಂಬುವವರೆಗೆ ಪುಸ್ತಕ, ಇತರ ಸಾಮಗ್ರಿ, ತಕ್ಕ ಉಪಕರಣಗಳನ್ನು ಉಚಿತವಾಗಿ ಕೊಡಬೇಕು ಎಂದು 17ನೆಯ ಕಲಮಿನಲ್ಲಿದೆ. ಪಿ.ಯು.ಸಿ. ಓದುವವರಲ್ಲಿ ಹೆಚ್ಚಿನವರು ಇದರೊಳಗೆ ಬರುತ್ತಾರೆ. ಪದವಿಗೆ ಬಂದ ಮೇಲೆ ಉಚಿತ ಎಂಬ ಮಾತು ನಿಂತರೂ ಹೊಂದಾಣಿಕೆಯ ಹಕ್ಕು ನಿಲ್ಲುವುದಿಲ್ಲ. ಮುದ್ರಣ, ಧ್ವನಿ, ವಿದ್ಯುನ್ಮಾನ ಮಾಧ್ಯಮಗಳ ವಿಷಯವೆಲ್ಲ ಎಲ್ಲರಿಗೂ ಎಟುಕುವ ರೂಪದಲ್ಲಿರುವಂತೆ ಸರ್ಕಾರ ನೋಡಿಕೊಳ್ಳಬೇಕೆಂದು 42ನೆಯ ಕಲಮು ಹೇಳುತ್ತದೆ. ವಿಶ್ವವಿದ್ಯಾಲಯ ಅನುದಾನ ಆಯೋಗವೂ 2022ರಲ್ಲಿ ಉನ್ನತ ಶಿಕ್ಷಣ ಸಂಸ್ಥೆಗಳಿಗಾಗಿ ಈ ಬಗೆಗಿನ ಮಾರ್ಗಸೂಚಿಯನ್ನು ಪ್ರಕಟಿಸಿದೆ.

'ಪುಸ್ತಕವನ್ನು ಹೀಗೆ ಬದಲಾಯಿಸಿದರೆ ಕೃತಿಸ್ವಾಮ್ಯದ ತಕರಾರು ಬಾರದೆ?' ಎಂದು ಗ್ರಂಥಪಾಲಕರು ಕೇಳಬಹುದು. ಸರಿಯಾದ ಪ್ರಶ್ನೆ. ಉತ್ತರ 2012ರ ಕೃತಿಸ್ವಾಮ್ಯ ತಿದ್ದುಪಡಿಯಲ್ಲಿದೆ. ಅಂಗವಿಕಲರು ಓದಲೆಂದು ಒಂದು ಕೃತಿಯನ್ನು ಅವರಿಗೆ ಎಟುಕುವ ರೂಪಕ್ಕೆ ತಂದು, ಅವರ ಸ್ವಂತ ಬಳಕೆಗೆ, ಓದಿಗೆ, ಸಂಶೋಧನೆಗೆ ಕೊಡುವುದು ಅಪರಾಧವಲ್ಲ. ಅದನ್ನು ಯಾರು ಬೇಕಾದರೂ ಮಾಡಬಹುದು, ನೀವೂ ಮಾಡಬಹುದು. ಲಾಭಕ್ಕಾಗಿ ಮಾಡಬಾರದು, ಅಂಗಡಿಯ ಸರಕಾಗಿ ಹರಡಬಾರದು, ಅಷ್ಟೆ. ಒಂದು ಉದಾಹರಣೆ ಕೊಡುತ್ತೇನೆ. ಇದೇ ಸೀಮೆಯ ಬೆಟಗೇರಿ ಕೃಷ್ಣಶರ್ಮರು, ನಾವೆಲ್ಲ ಬಲ್ಲ ಆನಂದಕಂದರು, ತೀರಿಕೊಂಡದ್ದು 1982ರಲ್ಲಿ. ಲೇಖಕರ ನಿಧನಾನಂತರ 60 ವರ್ಷ ಕೃತಿಸ್ವಾಮ್ಯ ಇರುವುದರಿಂದ ಅವರ ಕೃತಿಗಳ ಹಕ್ಕು 2042ರ ಕೊನೆಯವರೆಗೂ ಇರುತ್ತದೆ. ಅವರ ಪುಸ್ತಕವನ್ನು ನೀವು ಅಚ್ಚು ಹಾಕಿ ಮಾರುವಂತಿಲ್ಲ. ಆದರೆ ನಿಮ್ಮ ಅಂಧ ಸಹಪಾಠಿಗಾಗಿ ಅದನ್ನು ಇಂದೇ ಯೂನಿಕೋಡಿನಲ್ಲಿ ಬೆರಳಚ್ಚು ಮಾಡಿಕೊಡಬಹುದು, ಓದಿ ಧ್ವನಿಮುದ್ರಿಸಿ ಕೊಡಬಹುದು. ಇದೇ ಉದ್ದೇಶದ ಅಂತರರಾಷ್ಟ್ರೀಯ ಒಪ್ಪಂದ 2013ರಲ್ಲಿ ಮೊರಾಕ್ಕೋದ ಮರಕೇಶ್ ನಗರದಲ್ಲಿ ಆಯಿತು. ಅದನ್ನು 2014ರಲ್ಲಿ ಜಗತ್ತಿನಲ್ಲೇ ಮೊದಲು ಅನುಮೋದಿಸಿದ ದೇಶ ಭಾರತ. 2016ರಲ್ಲಿ 'ಸುಗಮ್ಯ ಪುಸ್ತಕಾಲಯ' ಎಂಬ ಅಂತರಜಾಲ ಗ್ರಂಥಾಲಯವೂ ಆರಂಭವಾಯಿತು. ಆದರೆ ನಮ್ಮ ಸೆಮಿಸ್ಟರಿನ ಕನ್ನಡ ಪಠ್ಯ ತಾನಾಗಿ ಅಲ್ಲಿಗೆ ನಡೆದು ಹೋಗುವುದಿಲ್ಲ. ಯಾರಾದರೂ ಸಿದ್ಧಪಡಿಸಬೇಕು.

ಹಾಗಾದರೆ ನೀವು ಏನು ಮಾಡಬಹುದು?

ನೀವೇ ಅಂಗವಿಕಲ ವಿದ್ಯಾರ್ಥಿಯಾಗಿದ್ದರೆ, ಪ್ರವೇಶದ ದಿನವೇ ನಿಮ್ಮ ಅಗತ್ಯವನ್ನು ಬರವಣಿಗೆಯಲ್ಲಿ ಪ್ರಾಂಶುಪಾಲರಿಗೆ ಕೊಡಿ. 'ನನಗೆ ಸಹಾಯ ಮಾಡಿ' ಎಂದು ಬರೆಯುವ ಬದಲು 'ನನಗೆ ಈ ನಾಲ್ಕು ವಿಷಯಗಳ ನೋಟ್ಸ್ ಯೂನಿಕೋಡ್ ಕಡತವಾಗಿ, ಪಾಠಕ್ಕೆ ಮೊದಲು ಬೇಕು' ಎಂದು ಖಚಿತವಾಗಿ ಬರೆಯಿರಿ. ಒಂದು ಪ್ರತಿಯ ಮೇಲೆ ಸ್ವೀಕೃತಿಯ ಸಹಿ ಪಡೆಯಿರಿ. ಲಿಪಿಕಾರರ ಕೋರಿಕೆಯನ್ನು ಪರೀಕ್ಷಾ ಶುಲ್ಕ ಕಟ್ಟುವಾಗಲೇ ಸಲ್ಲಿಸಿ. ಹಾಲ್ ಟಿಕೆಟ್ ಬರುವವರೆಗೆ ಕಾಯಬೇಡಿ. ಗುರುತಿನ ಚೀಟಿ, ಬಸ್ ಪಾಸು, ವಿದ್ಯಾರ್ಥಿವೇತನದ ಅರ್ಜಿ ಇವುಗಳಿಗೆ ದೂರ ಅಲೆಯಬೇಕಿಲ್ಲ. ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲೂಕು ಪಂಚಾಯಿತಿಯಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಅವರನ್ನು ಕೇಳಿ. ಮಾತಿಗೆ ಬೆಲೆ ಸಿಗದಿದ್ದರೆ ಸರ್ಕಾರಿ ಸಂಸ್ಥೆಯಲ್ಲಿ ಕುಂದುಕೊರತೆ ಅಧಿಕಾರಿ ಇರಬೇಕೆಂದು ಕಾಯಿದೆಯಲ್ಲಿದೆ. ಅಲ್ಲಿಯೂ ಆಗದಿದ್ದರೆ ಬೆಂಗಳೂರಿನಲ್ಲಿ ರಾಜ್ಯ ಆಯುಕ್ತರಿದ್ದಾರೆ. ಸಿವಿಲ್ ನ್ಯಾಯಾಲಯದಂತೆ ಸಾಕ್ಷಿಗಳನ್ನೂ ದಾಖಲೆಗಳನ್ನೂ ಕರೆಸುವ ಅಧಿಕಾರ ಅವರಿಗೆ ಇದೆ. ಕಾಯಿದೆಯ ಉಲ್ಲಂಘನೆಗೆ ಮೊದಲ ಸಲ 10,000 ರೂಪಾಯಿವರೆಗೆ, ಮತ್ತೆ ಮತ್ತೆ ಆದರೆ 50,000ದಿಂದ 5 ಲಕ್ಷ ರೂಪಾಯಿವರೆಗೆ ದಂಡವಿದೆ.

ನೀವು ಸಹಪಾಠಿಯಾಗಿದ್ದರೆ, ಕೆಲಸ ಇನ್ನೂ ಸುಲಭ. ಫೋಟೋ ಕಳಿಸುವ ಬದಲು ಅಕ್ಷರ ಕಳಿಸಿ. ನಿಮ್ಮ ಮೊಬೈಲಿನ ಕನ್ನಡ ಕೀಲಿಮಣೆ ಯೂನಿಕೋಡಿನಲ್ಲೇ ಬರೆಯುತ್ತದೆ. ಬಾಯಲ್ಲಿ ಹೇಳಿದರೂ ಅಕ್ಷರವಾಗುತ್ತದೆ, ಆಮೇಲೆ ತಪ್ಪು ತಿದ್ದಿದರೆ ಸಾಕು. ನಲವತ್ತು ಜನರ ತರಗತಿಯಲ್ಲಿ ಇನ್ನೂರು ಪುಟದ ಪುಸ್ತಕವನ್ನು ಹಂಚಿಕೊಂಡರೆ ಒಬ್ಬರ ಪಾಲಿಗೆ ಬರುವುದು ಐದು ಪುಟ. ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರದಲ್ಲಿ ನಾವು ಗಟಾರ ಬಳಿಯುತ್ತೇವೆ, ಸಸಿ ನೆಡುತ್ತೇವೆ. ಒಂದು ವರ್ಷ ಗೋಕಾಕಿನ ಕಾಲೇಜು ಇತಿಹಾಸ, ಮೂಡಲಗಿಯ ಕಾಲೇಜು ಕನ್ನಡ, ಹುಕ್ಕೇರಿಯ ಕಾಲೇಜು ಅರ್ಥಶಾಸ್ತ್ರ ಎಂದು ಪುಸ್ತಕಗಳನ್ನು ಹಂಚಿಕೊಂಡು ಯೂನಿಕೋಡಿಗೆ ತಂದರೆ, ಒಂದೇ ವಿಶ್ವವಿದ್ಯಾಲಯದ ಪಠ್ಯವಾದ್ದರಿಂದ ಮೂರೂ ತಾಲೂಕಿನ ಮಕ್ಕಳಿಗೆ ಅದು ಉಪಯೋಗವಾಗುತ್ತದೆ. ಅದೂ ಸೇವೆಯೇ. ಸಸಿಯಷ್ಟೇ ಕಾಲ ಉಳಿಯುವ ಸೇವೆ.

ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳನ್ನು ನಮ್ಮ ಉತ್ತರ ಕರ್ನಾಟಕದಲ್ಲಿ ಅರಿಯದವರಿಲ್ಲ. ಕಣ್ಣಿಲ್ಲದೆಯೂ ಸಂಗೀತ, ಸಾಹಿತ್ಯ ಎರಡರಲ್ಲೂ ಕೈಯಾಡಿಸಿ 2010ರಲ್ಲಿ ಪದ್ಮಭೂಷಣ ಪಡೆದ ಅವರ ಬಗ್ಗೆ ಮಾತನಾಡುವಾಗ ನಾವು ಅವರ ಪ್ರತಿಭೆಯನ್ನು ನೆನೆಯುತ್ತೇವೆ, ಅದು ಯುಕ್ತವೇ. ಆದರೆ ತಾವೂ ಕಣ್ಣಿಲ್ಲದ ಗುರು ಪಂಚಾಕ್ಷರ ಗವಾಯಿಗಳು ಬಾಯಿಂದ ಕಿವಿಗೆ ವಿದ್ಯೆಯನ್ನು ದಾಟಿಸುವ ಒಂದು ದಾರಿಯನ್ನು ಹಾಕಿಕೊಟ್ಟಿದ್ದರೆಂಬುದನ್ನೂ ನೆನೆಯಬೇಕು. ಪ್ರತಿಭೆ ಎಲ್ಲ ಊರಿನಲ್ಲೂ ಹುಟ್ಟುತ್ತದೆ. ವಿದ್ಯೆ ಅದನ್ನು ತಲುಪುವ ದಾರಿ ಮಾತ್ರ ಎಲ್ಲ ಊರಿನಲ್ಲೂ ಇರುವುದಿಲ್ಲ. ಆ ದಾರಿಯನ್ನು ಹಾಕುವುದು ಇಂದು ಕಾಯಿದೆಯ ಮಾತಾಗಿದೆ. ಕಾಯಿದೆಯ ಮಾತನ್ನು ಕಾಲೇಜಿನ ರೂಢಿಯಾಗಿ ಮಾಡುವುದು ನಿಮ್ಮ, ನಮ್ಮೆಲ್ಲರ ಕೆಲಸ. ನಾಳೆ ನೀವು ನೋಟ್ಸ್ ಕಳಿಸುವ ಮುನ್ನ ಒಂದು ಕ್ಷಣ ನಿಂತು ಕೇಳಿಕೊಳ್ಳಿ: ಇದನ್ನು ಎಲ್ಲರೂ ಓದಬಲ್ಲರೆ?